ಖಾಲಿ ಪಟ್ಟಿಯಲ್ಲಿ ಕಂಡ ಗೆರೆ

ಮೊಲದಕ್ಕನಿಗೆ ಮೊಲಗಳೆಂದರೆ ಅಷ್ಟಕ್ಕಷ್ಟೆ. ಹಾಗಂತ ಅವಳೇ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. "ನಂಗೆ ಬೇಕಿರೋದು ಅದರ ರಕ್ತ ಕಣ್ರೀ, ಮೊಲ ಅಲ್ಲ" ಎನ್ನುವಳು. ಹೀಗೆನ್ನುವವಳು ಬೆಳಗ್ಗೆ ಪ್ರಯೋಗಾಲಯಕ್ಕೆ ಬಂದವಳೇ ಚೀಲವನ್ನೂ ಇಳಿಸದೆ ಮೊಲದ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಅಷ್ಟು ಹೊತ್ತು ಯಾರ ಜೊತೆ ಹರಟುತ್ತಾಳೆ ಎಂಬುದು ಇಡೀ ಮಹಡಿಗೆ ಗೊತ್ತಿತ್ತು. ಮೊಲದಕ್ಕ ಎಂಬ ಹೆಸರು ಸುಮ್ಮನೆ ಬರುತ್ತದೆಯೇ?

ಕೋಣೆಯಲ್ಲಿದ್ದದ್ದು ಒಂದೇ ಮೊಲ. ಬಿಳಿ ಮೈ, ಕೆಂಪು ಕಣ್ಣು, ಒಂದು ಕಿವಿ ತುಸು ಸೊಟ್ಟ. ಮುಂಗಾಲು ಮಡಚಿಕೊಂಡು, ಸಹಿಗೆ ಕಡತ ಬರಲಿ ಎಂದು ಕಾಯುವ ಅಧಿಕಾರಿಯ ಗತ್ತಿನಲ್ಲಿ ಕೂರುತ್ತಿದ್ದುದರಿಂದ ಅವನನ್ನು ಸಾಹೇಬ ಎಂದು ಕರೆಯುತ್ತಿದ್ದರು. ಸಾಹೇಬನಿಗೆ ಸಿಟ್ಟು ಬಂದರೆ ಹಿಂಗಾಲಿನಿಂದ ದಬ್ಬೆಂದು ನೆಲಕ್ಕೆ ಬಡಿಯುವನು. ನೀರು ಬದಲಿಸಲು ತಡವಾದರೂ ಸಿಟ್ಟು, ಬೇಗ ಬದಲಿಸಿದರೂ ಸಿಟ್ಟು. ಸೊಪ್ಪಿನ ಕಟ್ಟು ಕಂಡಾಗ ಮಾತ್ರ ಪರಮ ಸಾಧು.

ಇನ್ನು ಅವಳ ಕೆಲಸ. ತಿಂದ ಸಕ್ಕರೆ ಹೆಚ್ಚಾದಾಗ ದೇಹ ಅದನ್ನು ಕೊಬ್ಬು ಮಾಡಿ ಕೂಡಿಡುತ್ತದಲ್ಲ, ಅದಕ್ಕೆಂದೇ ಯಕೃತ್ತಿನಲ್ಲಿ ಕಿಣ್ವಗಳ ಒಂದು ಸಾಲೇ ಇದೆ. ಸಾಲಿನ ಮೊದಲನೆಯ ಕಿಣ್ವ ಕೈ ಆಡಿಸಿದರೆ ಉಳಿದವಕ್ಕೆ ಕೆಲಸ, ಅದು ಕೈಕಟ್ಟಿ ಕೂತರೆ ಎಲ್ಲರಿಗೂ ರಜೆ. ಇಷ್ಟು ದೊಡ್ಡ ಮನುಷ್ಯ ಯಾವ ಜೀವಕೋಶದಲ್ಲಿ ಎಷ್ಟಿದ್ದಾನೆ ಎಂದು ತಿಳಿಯಬೇಕಾದರೆ, ಅವನನ್ನು ಮಾತ್ರ ಹುಡುಕಿ ಹಿಡಿಯುವ ಪ್ರತಿಕಾಯ ಬೇಕು. ಅಂಗಡಿಯಲ್ಲೂ ಸಿಗುತ್ತದೆ, ಆದರೆ ಕಣ್ಣಿಗೆ ಹಾಕಲೂ ಸಾಲದಷ್ಟು. ಆದ್ದರಿಂದ ಕಿಣ್ವದ ಒಂದು ಚೂರನ್ನು ಸಾಹೇಬನ ಚರ್ಮದಡಿ ಚುಚ್ಚುವುದು. ಅವನ ಮೈ 'ಯಾವನಯ್ಯಾ ಇವನು ಹೊಸಬ' ಎಂದು ಗುರುತು ಹಿಡಿದು, ರಕ್ತದಲ್ಲಿ ಪ್ರತಿಕಾಯ ಹುಟ್ಟಿಸುವುದು. ಆಗಾಗ ಅವನ ಕಿವಿಯಿಂದ ಸ್ವಲ್ಪ ರಕ್ತ ತೆಗೆದು, ಪ್ರತಿಕಾಯ ಬಂದಿದೆಯೇ ಎಂದು ಇವಳು ಪರೀಕ್ಷಿಸುವುದು.

ಪರೀಕ್ಷೆ ಅಂದರೆ ಇಷ್ಟೆ. ಯಕೃತ್ತಿನ ರಸದಲ್ಲಿರುವುದನ್ನೆಲ್ಲ ಗಾತ್ರದ ಪ್ರಕಾರ ಬೇರೆಬೇರೆ ಮಾಡಿ ಬಿಳಿಯ ಪಟ್ಟಿಗೆ ಇಳಿಸಿ, ಆ ಪಟ್ಟಿಯನ್ನು ಸಾಹೇಬನ ರಕ್ತದ ತಿಳಿಯಲ್ಲಿ ತೋಯಿಸಬೇಕು. ಕಿಣ್ವ ಎಲ್ಲಿದೆಯೋ ಅಲ್ಲಿ ಕಪ್ಪು ಗೆರೆ ಮೂಡಬೇಕು. ಬಹಳ ಕಾಲ ಮೂಡಿದ್ದು ಗೆರೆಯಲ್ಲ, ಮಗು ಮಸಿ ಬಳಿದ ಹಾಗೆ ಒಂದು ಕಲೆ. ಮೊಲದಕ್ಕ ಬೈದುಕೊಂಡಳು, ಅತ್ತಳು, ಮತ್ತೆ ಚುಚ್ಚಿದಳು. ಆಮೇಲೆ ಗೆರೆಗಳು ಎದ್ದು ಕಾಣುವಂತೆ ಮಾಡುವ ಹೊಸ ಕಿಟ್ ಒಂದು ಬಂತು. ಅದನ್ನು ಬಳಸಿದ್ದೇ ತಡ, ಅಬ್ಬಾ! ಕಾಡಿಗೆ ತೀಡಿದಂಥ ಗೆರೆ, ಸರಿಯಾದ ಗಾತ್ರದ ಜಾಗದಲ್ಲೇ. ಕೆಳಗೆ ಇನ್ನೂ ಎರಡು ಚಿಕ್ಕ ಗೆರೆಗಳಿದ್ದವು. ಅವು ಕಿಣ್ವದ ಮುರುಕು ತುಂಡುಗಳಿರಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು. ಸಂತೋಷದಲ್ಲಿರುವಾಗ ಸಮಾಧಾನಗಳು ಬಹಳ ಸುಲಭವಾಗಿ ಸಿಗುತ್ತವೆ.

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಯಜಮಾನರು ಆ ಚಿತ್ರ ಹಿಡಿದು ಮೊಳಕಾಲು ನೋವನ್ನೂ ಮರೆತು ಪಡಸಾಲೆಯಲ್ಲಿ ಓಡಿದರು. ಮೇಲಿನವರಿಗೆ ವರದಿ ಕಳಿಸಿದರು. ಆ ವಾರವೇ ಮೊಲದಕ್ಕನನ್ನು ಕರೆದು ಕೂರಿಸಿ ಎರಡು ಮಾತು ಹೇಳಿದರು. ಒಂದು, ವರ್ಷವರ್ಷವೂ ಕೆಲಸ ಉಳಿಯಿತೋ ಹೋಯಿತೋ ಎಂದು ಜೀವ ಕೈಯಲ್ಲಿ ಹಿಡಿದಿದ್ದ ಅವಳಿಗೆ ಕೆಲಸ ಕಾಯಂ, ಆದೇಶ ಸಿದ್ಧವಾಗಿದೆ. ಇನ್ನೊಂದು, ಶುಕ್ರವಾರ ಸಾಹೇಬನ ಕೊನೆಯ ರಕ್ತ.

"ಎಷ್ಟೊಂದು ಲ್ಯಾಬ್‌ನೋರು ಕೇಳ್ತಿದಾರೆ ಕಣಮ್ಮ. ಕಿವಿಯಿಂದ ತೆಗೆದಿದ್ದು ಯಾವ ಮೂಲೆಗೆ ಸಾಕಾಗುತ್ತೆ? ಮತ್ತಿನ ಔಷಧಿ ಕೊಟ್ಟು ಪೂರ್ತಿ ತೆಗೆದುಬಿಡೋಣ. ಅವನಿಗೆ ಗೊತ್ತೂ ಆಗಲ್ಲ."

ಮತ್ತಿನಿಂದ ಮೊಲ ಮತ್ತೆ ಏಳುವುದಿಲ್ಲ. ಇದೇನು ಹೊಸ ವಿಷಯವಲ್ಲ, ಈ ಕೆಲಸದ ಕೊನೆ ಹೀಗೇ ಎಂದು ಮೊಲದಕ್ಕನಿಗೆ ಮೊದಲ ದಿನದಿಂದ ಗೊತ್ತಿತ್ತು. "ಸರಿ ಸಾರ್" ಎಂದಳು. ಹೊರಗೆ ಬಂದು ಕಾಯಂ ಆಯಿತೆಂದು ಗಂಡನಿಗೆ ಫೋನು ಮಾಡಿದಳು. ಆ ದಿನ ಸೊಪ್ಪನ್ನು ಬೇರೆಯವರ ಕೈಲಿ ಕಳಿಸಿದಳು.

ಮಂಗಳವಾರ ಸಂಜೆ ಮನೆಗೆ ಬಂದರೆ ಅತ್ತೆ ಕೆಂಡಾಮಂಡಲ. ಅತ್ತೆಗೆ ಕೂದಲೇ ಪ್ರಾಣ. ಈ ವಯಸ್ಸಿಗೂ ಜಡೆ ಸೊಂಟ ಮುಟ್ಟಬೇಕು. ಅದಕ್ಕೆಂದು ಔಷಧಿ ಅಂಗಡಿಯಿಂದ ಯಾವುದೋ ಮಾತ್ರೆ ತರಿಸಿ, ದಿನಾ ನುಂಗುತ್ತಿದ್ದರು. ಈಗ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡಲು ಹೋದರೆ ವೈದ್ಯ ಬೇಡ ಎಂದು ವಾಪಸು ಕಳಿಸಿದ್ದ.

"ಕೂದಲ ಮಾತ್ರೆ ನಿಲ್ಲಿಸಿ ಆಮೇಲೆ ಬನ್ನಿ ಅಂತಾನಲ್ಲ! ನನ್ನ ಕೂದಲು ಉದುರಿದ್ರೆ ಅವನು ಬಂದು ಅಂಟಿಸ್ತಾನಾ?"

ಗಂಡ ಕನ್ನಡಕದ ಅಂಗಡಿಯವನು. ಮೇಜಿನ ಮೇಲೆ ಯಾರದೋ ಫ್ರೇಮಿಗೆ ಸ್ಕ್ರೂ ಬಿಗಿಯುತ್ತಿದ್ದ. ತಲೆ ಎತ್ತದೆ, "ಯಾಕಂತೆ?" ಎಂದ.

"ಆ ಮಾತ್ರೇಲಿ ಬಯೋಟಿನ್ ಇದೆಯಂತೆ. ಅವರ ಪರೀಕ್ಷೆ ಮಾಡೋ ಔಷಧೀಲೂ ಅದೇ ಇರುತ್ತಂತೆ. ರಕ್ತದಲ್ಲಿ ಜಾಸ್ತಿ ಇದ್ರೆ ಮಿಷನ್ನು ಇಲ್ಲದ್ದನ್ನ ಇದೆ ಅನ್ನುತ್ತಂತೆ. ಮಿಷನ್ನಿಗೆ ತಲೆ ಕೆಟ್ರೆ ಅದಕ್ಕೆ ನನ್ನ ಜಡೆ ಹೊಣೆನಾ?"

ಲೋಟ ತೊಳೆಯುತ್ತಿದ್ದ ಸೊಸೆಯ ಕೈ ನಿಂತಿತು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

"ಅತ್ತೆ, ಇನ್ನೊಂದ್ಸಲ ಹೇಳಿ."

"ಏನು, ನಿಂಗೂ ಕಿವಿ ಕೇಳ್ಸಲ್ವಾ? ಬಯೋಟಿನ್!"

ಈಗ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಿಯ ಮೇಲೆ ಕೂತ ಪ್ರತಿಕಾಯ ತಾನಾಗಿ ಕಣ್ಣಿಗೆ ಕಾಣುವುದಿಲ್ಲ. ಹೊಸ ಕಿಟ್ಟಿನವರು ಅದಕ್ಕೊಂದು ಉಪಾಯ ಮಾಡಿದ್ದರು. ಮೊಲದ ಪ್ರತಿಕಾಯವನ್ನು ಹಿಡಿಯುವ ಇನ್ನೊಂದು ವಸ್ತುವಿಗೆ ಬಯೋಟಿನ್ ಅಂಟಿಸಿ, ಬಯೋಟಿನ್ ಎಲ್ಲಿದ್ದರೂ ಹೋಗಿ ಕಚ್ಚಿಕೊಳ್ಳುವ ಬಣ್ಣದ ವಸ್ತುವನ್ನು ಆಮೇಲೆ ಹಾಕುವುದು. ಬಣ್ಣ ಹುಡುಕುವುದು ಪ್ರತಿಕಾಯವನ್ನಲ್ಲ, ಬಯೋಟಿನ್ನನ್ನು. ಅಲ್ಲೇ ಎಡವಟ್ಟು. ಕೊಬ್ಬಿನ ಕೆಲಸ ಶುರು ಮಾಡುವ ಆ ಮೊದಲನೆಯ ಕಿಣ್ವ ತನ್ನ ಕೆಲಸಕ್ಕೆ ಹತ್ಯಾರವಾಗಿ ಇಟ್ಟುಕೊಂಡಿರುವುದು ಏನನ್ನು? ಇದೇ ಬಯೋಟಿನ್ನನ್ನು! ಹುಟ್ಟಾ ಅದರ ಮೈಗೇ ಅಂಟಿಕೊಂಡಿರುತ್ತದೆ. ಈ ಪಾಠವನ್ನು ಮೊಲದಕ್ಕ ವರ್ಷಾವರ್ಷ ಹೊಸಬರಿಗೆ ಹೇಳಿಕೊಟ್ಟಿದ್ದಳು. ಇದೂ ಗೊತ್ತು, ಅದೂ ಗೊತ್ತು. ಎರಡನ್ನೂ ಜೊತೆಗಿಟ್ಟು ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಹಾಗಾದರೆ ಆ ಕಾಡಿಗೆಯ ಗೆರೆ ಸಾಹೇಬ ತೋರಿಸಿದ್ದೋ, ಕಿಣ್ವ ತನ್ನನ್ನು ತಾನೇ ತೋರಿಸಿಕೊಂಡದ್ದೋ? ತಿಳಿಯಲು ಸುಲಭದ ದಾರಿಯೊಂದಿತ್ತು. ಒಂದು ಪಟ್ಟಿಗೆ ಸಾಹೇಬನ ರಕ್ತದ ಬದಲು ಬರೀ ಉಪ್ಪುನೀರು ಹಾಕಿ, ಮಿಕ್ಕಿದ್ದೆಲ್ಲ ಎಂದಿನಂತೆ ಮಾಡುವುದು. ಇದಕ್ಕೆ ಖಾಲಿ ಪಟ್ಟಿ ಎನ್ನುತ್ತಾರೆ. ಹಳೆಯ ವಿಧಾನದಲ್ಲಿ ಅವಳು ಅದನ್ನು ಮಾಡಿದ್ದಳು. ಹೊಸ ಕಿಟ್ ಬಂದ ಮೇಲೆ, ಗೆರೆ ಇಷ್ಟು ಚಂದ ಬಂದ ಮೇಲೆ, ಅದೊಂದನ್ನು ಬಿಟ್ಟಿದ್ದಳು.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡಳು.

"ಅಯ್ಯೋ, ನಂಗೆ ಬೇಜಾರಿಲ್ಲ ಬಿಡೇ" ಎಂದರು ಅತ್ತೆ, ಸೊಸೆ ತಮ್ಮ ಜಡೆಗಾಗಿ ಇಷ್ಟೊಂದು ನೊಂದದ್ದು ಕಂಡು ಕರಗಿ. "ಎರಡು ದಿನ ತಾನೆ, ಮಾತ್ರೆ ಬಿಡ್ತೀನಿ."

ಮರುದಿನ ಅವಳು ಎರಡು ಪಟ್ಟಿ ಮಾಡಿದಳು, ಒಂದು ಸಾಹೇಬನದು, ಒಂದು ಖಾಲಿ. ಎರಡರಲ್ಲೂ ಒಂದೇ ಗೆರೆ, ಒಂದೇ ಕಪ್ಪು, ಕೆಳಗೆ ಅವೇ ಎರಡು ಚಿಕ್ಕ ಗೆರೆಗಳು. ಅವೂ ಮುರುಕು ತುಂಡುಗಳಲ್ಲ, ಬಯೋಟಿನ್ ಹೊತ್ತ ಬೇರೆ ಕಿಣ್ವಗಳು. ಖಾಲಿಯದೇ ಒಂದು ಕೈ ಮೇಲಾಗಿತ್ತು.

ಯಜಮಾನರ ಮುಂದೆ ನೇರವಾಗಿ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಎರಡೂ ಚಿತ್ರಗಳನ್ನು ಮೇಜಿನ ಮೇಲಿಟ್ಟು, "ಯಾವುದು ಚೆನ್ನಾಗಿದೆ ಹೇಳಿ ಸಾರ್" ಎಂದಳು.

ಯಜಮಾನರು ಕನ್ನಡಕ ಹಣೆಗೇರಿಸಿ, ಬಗ್ಗಿ, ಹೆಣ್ಣು ನೋಡಲು ಬಂದವರ ಹಾಗೆ ಎರಡನ್ನೂ ದಿಟ್ಟಿಸಿದರು. "ಇದು! ಎಡಗಡೇದು. ಹಿನ್ನೆಲೆ ನೋಡು ಎಷ್ಟು ಶುಭ್ರ. ಎಲ್ರಿಗೂ ಕಳಿಸುವಾಗ ಜೊತೆಗೆ ಇದನ್ನೇ ಹಾಕ್ಸೋಣ. ಸಾಹೇಬ ಮಾನ ಉಳಿಸಿದ ಕಣಮ್ಮ!"

"ಅದರಲ್ಲಿ ಸಾಹೇಬ ಇಲ್ಲ ಸಾರ್."

"ಅಂದ್ರೆ?"

"ಅವನ ರಕ್ತ ಹಾಕೇ ಇಲ್ಲ. ಬರೀ ಉಪ್ಪುನೀರು. ಕಿಟ್ಟು ಹಿಡೀತಿರೋದು ಕಿಣ್ವದ ಬಯೋಟಿನ್ನನ್ನ."

ಯಜಮಾನರು ಕುರ್ಚಿಗೆ ಒರಗಿದರು. ಅವರಿಗೆ ವಿವರಣೆ ಬೇಕಿರಲಿಲ್ಲ, ಬಯೋಟಿನ್ ಎಂಬ ಒಂದು ಮಾತೇ ಸಾಕಾಯಿತು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.

"ಆದ್ರೂ ಗೆರೆ ಆ ಕಿಣ್ವದ್ದೇ ತಾನೆ?"

"ಅದರದ್ದೇ ಸಾರ್."

"ಜಾಗಾನೂ ಸರಿ. ಅದೇ ಕಿಟ್ ಹಾಕಿದ ಯಾರಿಗಾದ್ರೂ ಅದೇ ಗೆರೆ ಬರುತ್ತೆ. ಹಾಗಿದ್ಮೇಲೆ ತೊಂದ್ರೆ ಏನು?"

"ತೊಂದ್ರೆ ಏನೂ ಇಲ್ಲ" ಎಂದಳು ಮೊಲದಕ್ಕ. ಮಾತು ಅವಳು ಅಂದುಕೊಂಡದ್ದಕ್ಕಿಂತ ಚುರುಕಾಗಿಯೇ ಬಂತು. "ಸಾಹೇಬನ್ನ ಯಾಕೆ ಸಾಯಿಸ್ಬೇಕು ಮತ್ತೆ? ಎಲ್ರಿಗೂ ಉಪ್ಪುನೀರೇ ಕಳಿಸೋಣ."

ಯಜಮಾನರು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕೆಮ್ಮೂ ಬಂತು. ಕೆಮ್ಮು ನಿಂತಾಗ ನಗುವೂ ನಿಂತಿತ್ತು.

"ವರದಿ ಕಳಿಸಿಬಿಟ್ಟಿದೀನಲ್ಲಮ್ಮ."

"ಗೊತ್ತು ಸಾರ್. ತಪ್ಪು ನಂದು."

"ನಾನೂ ಕೇಳ್ಲಿಲ್ಲ, ಖಾಲಿ ಪಟ್ಟಿ ಎಲ್ಲಿ ಅಂತ. ನಂಗೂ ಬೇಕಾಗಿರ್ಲಿಲ್ಲ." ಅವರು ನಿಟ್ಟುಸಿರು ಬಿಟ್ಟರು. "ಸರಿ, ಒಂದು ಕೆಲಸ ಮಾಡು. ಕಿಟ್ಟಿನ ಸಹವಾಸವೇ ಬೇಡ, ಬಯೋಟಿನ್ ಇಲ್ದಿರೋ ಹಳೇ ವಿಧಾನದಲ್ಲಿ ನೋಡು. ಸಾಹೇಬಂದು ಈಚೆಗೆ ತೆಗೆದ ರಕ್ತ ಇನ್ನೂ ಹಾಗೆ ನೋಡಿಲ್ಲ ಅಲ್ವಾ? ಎಳೆಯಷ್ಟು ಗೆರೆ ಬಂದ್ರೂ ಸಾಕು. ಶುಕ್ರವಾರ ಅಂದ್ಕೊಂಡ ಹಾಗೇ ಆಗುತ್ತೆ, ನಿನ್ನ ಆದೇಶಾನೂ ಹೊರಡುತ್ತೆ."

"ಬರದಿದ್ರೆ?"

"ಬರದಿದ್ರೆ ಯಾವ ಮುಖ ಇಟ್ಕೊಂಡು ಆದೇಶ ಕೇಳ್ಲಿ? ಮೊಲಾನೂ ಬೇಡ. ಕೆಲಸಕ್ಕೆ ಬಾರದ್ದನ್ನ ಇಟ್ಕೊಂಡು ಏನು ಮಾಡೋದು? ಡಾಕ್ಟರಮ್ಮ ಸಹಿ ಹಾಕಿದ್ರೆ ಯಾರಾದ್ರೂ ಸಾಕೋಕೆ ತಗೊಂಡು ಹೋಗ್ಲಿ."

ಡಾಕ್ಟರಮ್ಮ ಎಂದರೆ ಪ್ರಾಣಿಗಳನ್ನು ನೋಡಿಕೊಳ್ಳುವ ಪಶುವೈದ್ಯೆ. ಬೇಡವಾದ ಆರೋಗ್ಯವಂತ ಪ್ರಾಣಿಗಳನ್ನು ಮನೆಗಳಿಗೆ ಕೊಡುವ ಅಧಿಕಾರ ಅವರಿಗಿತ್ತು.

ಮೊಲದಕ್ಕ ಮೆಟ್ಟಿಲಿಳಿಯುತ್ತ ನಡುವೆ ನಿಂತುಬಿಟ್ಟಳು. ಗೆರೆ ಬಂದರೆ ಕಾಯಂ ಕೆಲಸ ಅವಳದು, ಸಾಹೇಬ ಇಲ್ಲ. ಬರದಿದ್ದರೆ ಸಾಹೇಬ ಉಳಿದ, ಕೆಲಸ ಇಲ್ಲ. ದೇವರೇ ಎನ್ನೋಣವೆಂದರೆ ಮುಂದೆ ಏನು ಬೇಡಬೇಕು ಎಂದೇ ತಿಳಿಯಲಿಲ್ಲ.

ಗುರುವಾರ ಬೆಳಗ್ಗೆ ಪಟ್ಟಿಗಳನ್ನು ಹರಡಿಕೊಂಡು ಕೂತಳು. ಒಂದಕ್ಕೆ ಅಂಗಡಿಯಿಂದ ಕೊಂಡ ಪ್ರತಿಕಾಯ, ಪಟ್ಟಿಯ ಮೇಲೆ ಕಿಣ್ವ ಇದ್ದೇ ಇದೆ ಎಂದು ತೋರಿಸಲು. ಇನ್ನೊಂದು ಖಾಲಿ. ಮೂರನೆಯದು ಸಾಹೇಬನದು. ಸಣ್ಣ ಕೊಳವೆಯಲ್ಲಿ ಅವನ ರಕ್ತದ ತಿಳಿ, ತೆಳು ಹಳದಿ. ಅದನ್ನು ಅಳತೆಯ ನಳಿಗೆಯಿಂದ ಹೀರುವಾಗ ಗುಂಡಿಯ ಮೇಲೆ ಅವಳ ಹೆಬ್ಬೆರಳು ನಿಂತಿತು. ಸ್ವಲ್ಪ ಕಡಿಮೆ ಹಾಕಿದರೆ? ಇನ್ನಷ್ಟು ನೀರು ಬೆರೆಸಿದರೆ? ಗೆರೆ ಬರುವುದಿದ್ದರೂ ಬರುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ. ನಾಳೆ ಈ ಹೊತ್ತಿಗೆ ಸಾಹೇಬ ಯಾರದೋ ಮನೆಯ ಹಿತ್ತಲಲ್ಲಿ ಸೊಪ್ಪು ಮೇಯುತ್ತಿರುತ್ತಾನೆ.

ಅವಳಿಗೆ ಅವನ ಮೇಲೆ ಪ್ರೀತಿ ಇತ್ತು. ಹೌದು, ಇತ್ತು, ಇನ್ನು ಯಾಕೆ ಮುಚ್ಚಿಡುವುದು? ಬೆಟ್ಟದಷ್ಟಿತ್ತು. ಆದರೆ ಈ ಒಂದು ಗೆರೆಗಾಗಿ ಅವಳು ಊಟ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು. ಗಂಡನ ತಂಗಿಯ ಮದುವೆಯ ದಿನವೂ ಮಧ್ಯಾಹ್ನ ಕಣ್ಣು ತಪ್ಪಿಸಿ ಬಂದು ಪಟ್ಟಿ ತೊಳೆದು ಹೋಗಿದ್ದಳು. ಅವನೂ ಪಾಪ, ಅಷ್ಟು ಸಲ ಚುಚ್ಚಿಸಿಕೊಂಡಿದ್ದ. ಅವನು ಮಾಡಿದ್ದೇನಾದರೂ ಇದ್ದರೆ, ಅದನ್ನು ನೀರು ಹಾಕಿ ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಎಂದಿನ ಅಳತೆಗಿಂತ ಒಂದು ಪಾಲು ಹೆಚ್ಚೇ ಹಾಕಿದಳು. ಹಾಕಿ, ಕೈ ಕಟ್ಟಿ ಕೂತು ಗೊಳೋ ಎಂದು ಅತ್ತಳು.

ಮಧ್ಯಾಹ್ನ ಚಿತ್ರ ತೆಗೆಯುವ ಯಂತ್ರದ ಮುಂದೆ ಯಜಮಾನರೂ ಬಂದು ನಿಂತರು. ಪರದೆ ಬೆಳಗಿತು. ಅಂಗಡಿಯ ಪ್ರತಿಕಾಯದ ಪಟ್ಟಿಯಲ್ಲಿ ಗೆರೆ ಕಡುಕಪ್ಪು. ಖಾಲಿಯದರಲ್ಲಿ ಏನೂ ಇಲ್ಲ, ಇರಲೂಬಾರದು. ಸಾಹೇಬನದರಲ್ಲೂ ಏನೂ ಇಲ್ಲ, ಹಿಂದಿನ ಮಸಿಕಲೆ ಕೂಡ.

"ಇನ್ನೊಂದು ಸ್ವಲ್ಪ ಹೊತ್ತು ಬಿಡು" ಎಂದರು ಯಜಮಾನರು.

ಬಿಟ್ಟಳು. ಅಂಗಡಿಯ ಗೆರೆ ಉಬ್ಬಿ ಕಪ್ಪು ಮುದ್ದೆಯಾಯಿತು. ಸಾಹೇಬನ ಪಟ್ಟಿ ಬೆಳ್ಳಗೇ ಇತ್ತು.

"ಇನ್ನೂ ಸ್ವಲ್ಪ."

ಮೂಲೆಯಲ್ಲಿ ಒಂದು ಧೂಳಿನ ಚುಕ್ಕೆ ಮೂಡಿತು. ಯಜಮಾನರು ಆ ಚುಕ್ಕೆಯನ್ನು ಆಸೆಯಿಂದ ನೋಡಿ, ಆಮೇಲೆ ತಾವೇ ಕೈ ಚಾಚಿ ಯಂತ್ರ ಆರಿಸಿದರು. "ಹೋಗ್ಲಿ ಬಿಡಮ್ಮ" ಎಂದರು. "ವರದಿ ವಾಪಸ್ ತಗೋತೀನಿ, ಇವತ್ತೇ. ಈ ವರ್ಷದ ಮಟ್ಟಿಗೆ ನಿನ್ನ ಕೆಲಸಕ್ಕೆ ತೊಂದ್ರೆ ಇಲ್ಲ. ಮುಂದಿನ ವರ್ಷದ್ದು... ನಂಗೆ ಗೊತ್ತಿಲ್ಲ." ಅವಳಿಗೆ ಅವರ ಮೇಲೆ ಮೊದಲ ಬಾರಿಗೆ ಕನಿಕರ ಬಂತು.

ಅವಳು ನೇರವಾಗಿ ಮೊಲದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. "ಏನೋ ಕಳ್ಳ! ಇಷ್ಟು ಕಾಲ ನನ್ನ ಕೈಯಿಂದ ತಿಂದೆಯಲ್ಲೋ! ಒಂದು ಎಳೆ ಗೆರೆಗಾದ್ರೂ ಗತಿ ಇರ್ಲಿಲ್ವೇನೋ ನಿಂಗೆ! ಸೋಮಾರಿ! ದಂಡಪಿಂಡ!" ಹೊರಗೆ ಹೋಗುವವರು ಕೇಳಿಸಿಕೊಂಡು ಮೊಲಕ್ಕೇನೋ ಆಗಿಹೋಯಿತು ಎಂದುಕೊಂಡರು. ಸಾಹೇಬ ದಬ್ಬೆಂದು ಕಾಲು ಬಡಿದ. ಅವಳು ಅವನನ್ನು ಎತ್ತಿಕೊಂಡು ಅವನ ಕುತ್ತಿಗೆಯ ತುಪ್ಪಳದಲ್ಲಿ ಮುಖ ಹುದುಗಿಸಿದಳು. ತಪ್ಪಿಹೋದ ಕಾಯಂ ಕೆಲಸಕ್ಕೆ ಅಳು ಬರುತ್ತಿತ್ತು, ಉಳಿದ ಮೊಲಕ್ಕೆ ನಗು ಬರುತ್ತಿತ್ತು, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು.

ಡಾಕ್ಟರಮ್ಮ ಸಾಹೇಬನ ಹಲ್ಲು, ಕಿವಿ, ಉಗುರು ಎಲ್ಲ ನೋಡಿ ಸಹಿ ಹಾಕಿದರು. ಸಂಜೆ ಬಸ್ಸಿನಲ್ಲಿ ಮೊಲದಕ್ಕನ ತೊಡೆಯ ಮೇಲೆ ತೂತು ಕೊರೆದ ರಟ್ಟಿನ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಕೂತವರು ಪೆಟ್ಟಿಗೆ ಅಲುಗಿದಾಗಲೆಲ್ಲ ಒಂದಿಷ್ಟು ಸರಿದು ಕೂರುತ್ತಿದ್ದರು.

ಮನೆಯಲ್ಲಿ ಗಂಡ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಕಾಯಂ ತಪ್ಪಿಹೋದದ್ದನ್ನು ಅವಳು ಫೋನಿನಲ್ಲಿ ಹೇಳಿರಲಿಲ್ಲ. ಕಾಯಂ ಆದ ಸೊಸೆಯನ್ನು ನೋಡಲು ಅತ್ತೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದರು.

"ಆದೇಶ ಬಂತೇನೇ?"

"ಇಲ್ಲ ಅತ್ತೆ. ಬರಲ್ಲ. ನಾನು ಮಾಡಿದ್ದು ತಪ್ಪಾಗಿತ್ತು. ನಾನೇ ಹೇಳ್ದೆ."

ಗಂಡ ಎದ್ದು ಬಂದು ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಕೆಳಗಿಟ್ಟ. ಮುಚ್ಚಳದ ಸಂದಿಯಿಂದ ಸೊಟ್ಟ ಕಿವಿಯೊಂದು ಮೇಲೆದ್ದಿತು.

"ಅಯ್ಯೋ, ಮೊಲ! ಇದು ಯಾತಕ್ಕೆ ಬರುತ್ತೇ?"

"ಯಾತಕ್ಕೂ ಬರಲ್ಲ ಅತ್ತೆ" ಎಂದಳು ಮೊಲದಕ್ಕ. "ಯಾತಕ್ಕಾದ್ರೂ ಬಂದಿದ್ರೆ ನಾಳೆ ಇರ್ತಾನೇ ಇರ್ಲಿಲ್ಲ."

ಅತ್ತೆಗೆ ಅರ್ಥವಾಯಿತೋ ಇಲ್ಲವೋ. ಸೊಸೆಯ ಕೆಂಪಗಿನ ಕಣ್ಣು ನೋಡಿದರು, ಮೊಲದ ಕೆಂಪಗಿನ ಕಣ್ಣು ನೋಡಿದರು. ಆಮೇಲೆ ಒಳ್ಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಪೆಟ್ಟಿಗೆಯೊಳಗೆ ಎರಡೂ ಕೈ ಹಾಕಿ ಸಾಹೇಬನನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು.

"ಎಷ್ಟು ಹೆದರಿದೆ ನೋಡೇ ಇದು" ಎಂದರು. "ಎದೆ ಹ್ಯಾಗೆ ಹೊಡ್ಕೊಳ್ತಿದೆ."